ಹಿಮದಲ್ಲಿ 21 ಕಿಲೋಮೀಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲದಲ್ಲಿ, ಅದೂ ಹಿಮ ಬಿದ್ದ ರಸ್ತೆಯಲ್ಲಿ ಹಾಫ್ ಮ್ಯಾರಥಾನ್ ಓಡುತ್ತೇನೆ ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ನಿಂಗೇನು ತಲೆ ಕೆಟ್ಟಿದೆಯಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅದರ ನಂತರ ಬರುವ ಪ್ರಶ್ನೆಗಳಿಗೆ ಇದೆ. ಗೆಳೆಯರ ಮೆಸೇಜುಗಳಲ್ಲಿ, ಓಟ ಮುಗಿಸಿ ಶೂ ಬಿಚ್ಚುವಾಗಿನ ಮಾತಿನಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪೂರ್ತಿ ಓದಬೇಕು ಅಂತೇನಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ.

## ಹೆಸರು ಕೊಡುವ ಮುಂಚೆ

ಅಷ್ಟು ತಣ್ಣಗಿನ ಗಾಳಿ ಎಳ್ಕೊಂಡ್ರೆ ಶ್ವಾಸಕೋಶ ಹೆಪ್ಪುಗಟ್ಟಲ್ವಾ?

ಇಲ್ಲ. ಹೊರಗಿನ ಗಾಳಿ ಎಷ್ಟೇ ತಣ್ಣಗಿರಲಿ, ಮೂಗು, ಗಂಟಲು ದಾಟಿ ಒಳಗೆ ಇಳಿಯುವಷ್ಟರಲ್ಲಿ ಬೆಚ್ಚಗಾಗಿರುತ್ತದೆ. ಎದೆಯಲ್ಲಿ ಉರಿ, ಓಟ ಮುಗಿದ ಮೇಲೆ ಒಣ ಕೆಮ್ಮು, ಇವಕ್ಕೆ ಕಾರಣ ಚಳಿಗಿಂತ ಜಾಸ್ತಿ ಗಾಳಿಯ ಒಣತನ. ತಣ್ಣಗಿನ ಗಾಳಿಯಲ್ಲಿ ತೇವ ಇರುವುದೇ ಕಮ್ಮಿ, ಕೊರತೆ ಬಿದ್ದ ತೇವವನ್ನೆಲ್ಲ ನಿಮ್ಮ ಶ್ವಾಸನಾಳವೇ ಕೊಡಬೇಕು. ಬಾಯಿಯ ಮೇಲೆ ತೆಳುವಾದ ಬಫ್ (ಕುತ್ತಿಗೆಗೆ ಹಾಕುವ ಕೊಳವೆಯಂಥ ಬಟ್ಟೆ) ಎಳೆದುಕೊಂಡರೆ, ಬಿಟ್ಟ ಉಸಿರಿನ ಬಿಸಿ ಮತ್ತು ತೇವ ಬಟ್ಟೆಯಲ್ಲಿ ನಿಂತು ಮುಂದಿನ ಉಸಿರಿಗೆ ಸಿಗುತ್ತದೆ. ಸ್ವಲ್ಪ ಹೊತ್ತಿಗೆ ಆ ಜಾಗ ಒದ್ದೆಯಾಗಿ ರಟ್ಟಿನ ಹಾಗೆ ಗಟ್ಟಿಯಾಗುತ್ತದೆ, ಆಗ ಬಫ್ ತಿರುಗಿಸಿ ಒಣಗಿರುವ ಭಾಗ ಮುಂದೆ ತಂದುಕೊಳ್ಳಿ.

ಅಸ್ತಮಾ ಇರುವವರ ಮಾತು ಬೇರೆ. ತಣ್ಣಗಿನ ಒಣ ಗಾಳಿಗೆ ಶ್ವಾಸನಾಳ ಬಿಗಿಯಾಗುವುದು ಮಾಮೂಲು, ಅಸ್ತಮಾ ಇಲ್ಲ ಅಂದುಕೊಂಡವರಿಗೂ ಜೋರಾಗಿ ಓಡುವಾಗ ಹೀಗಾಗಬಹುದು. ಮೊದಲೇ ಡಾಕ್ಟರ ಹತ್ತಿರ ಮಾತಾಡಿ, ಇನ್‌ಹೇಲರ್ ಒಳ ಜೇಬಿನಲ್ಲಿಡಿ. ಎದೆಯಲ್ಲಿ ಸುಯ್ ಸುಯ್ ಶಬ್ದ ಶುರುವಾದರೆ ನಿಲ್ಲಿಸಿ.

ಎಷ್ಟು ಡಿಗ್ರಿ ತನಕ ಓಡಬಹುದು?

ಥರ್ಮಾಮೀಟರ್ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ಗಾಳಿ ನೋಡಿ. ಮೈನಸ್ 10 ಡಿಗ್ರಿ ಇದ್ದು ಗಂಟೆಗೆ 30 ಕಿ.ಮೀ. ವೇಗದ ಗಾಳಿ ಬೀಸುತ್ತಿದ್ದರೆ, ತೆರೆದ ಚರ್ಮಕ್ಕೆ ಅದು ಹೆಚ್ಚುಕಮ್ಮಿ ಮೈನಸ್ 20 ಇದ್ದ ಹಾಗೆ. ಇದನ್ನೇ ವಿಂಡ್ ಚಿಲ್ ಅನ್ನುವುದು, ಹವಾಮಾನ ಆ್ಯಪ್‌ಗಳಲ್ಲಿ ಬರುತ್ತದೆ. ವಿಂಡ್ ಚಿಲ್ ಮೈನಸ್ 28ಕ್ಕಿಂತ ಕೆಳಗೆ ಹೋದರೆ ತೆರೆದ ಚರ್ಮಕ್ಕೆ 10ರಿಂದ 30 ನಿಮಿಷದಲ್ಲಿ ಚಳಿಗೆ ಹೆಪ್ಪುಗಟ್ಟುವ ತೊಂದರೆ, ಅಂದರೆ ಫ್ರಾಸ್ಟ್‌ಬೈಟ್ ಆಗಬಹುದು ಅಂತ ಕೆನಡಾದ ಹವಾಮಾನ ಇಲಾಖೆ ಎಚ್ಚರಿಸುತ್ತದೆ. ನಮ್ಮಂಥವರಿಗೆ ಹಾಫ್ ಮುಗಿಸಲು ಎರಡು ಗಂಟೆ ಬೇಕು. ಲೆಕ್ಕ ನೀವೇ ಹಾಕಿ.

ನನ್ನ ಗಡಿ ಹೇಳುತ್ತೇನೆ: ಜನ, ಆಂಬುಲೆನ್ಸ್ ಎಲ್ಲ ಇರುವ ರೇಸಿನಲ್ಲಿ ವಿಂಡ್ ಚಿಲ್ ಮೈನಸ್ 20, ಒಬ್ಬನೇ ಅಭ್ಯಾಸಕ್ಕೆ ಹೋದರೆ ಮೈನಸ್ 15. ಆದರೆ ನಿಜವಾಗಿ ನನಗೆ ಭಯ ಇರುವುದು ಸೊನ್ನೆಯ ಆಸುಪಾಸಿನ ದಿನಗಳದ್ದು. ಮೈನಸ್ 8ರಲ್ಲಿ ಹಿಮ ಒಣ ಪುಡಿ, ಕೊಡವಿದರೆ ಉದುರಿ ಹೋಗುತ್ತದೆ. ಪ್ಲಸ್ 1ರಲ್ಲಿ ಅರ್ಧ ಮಳೆ ಅರ್ಧ ಹಿಮ ಸುರಿದರೆ ಹತ್ತೇ ನಿಮಿಷಕ್ಕೆ ಮೈಯೆಲ್ಲ ಒದ್ದೆ, ಆಮೇಲೆ ಯಾವ ಬಟ್ಟೆಯೂ ಕಾಪಾಡುವುದಿಲ್ಲ.

ಇದು ನನ್ನ ಮೊದಲನೇ ಹಾಫ್. ಹಿಮದಲ್ಲೇ ಶುರು ಮಾಡ್ಲಾ?

ಬೇಡ. 21 ಕಿ.ಮೀ.ಗೆ ನಿಮ್ಮ ಮೈ ಏನನ್ನುತ್ತದೆ ಅಂತ ಒಳ್ಳೆ ಹವೆಯಲ್ಲಿ ಒಮ್ಮೆ ನೋಡಿಕೊಳ್ಳಿ. ಹದಿನೇಳನೇ ಕಿ.ಮೀ.ನಲ್ಲಿ ಸೋತು ನಡೆಯಬೇಕಾಗಿ ಬಂದರೆ ಬೇರೆ ಕಾಲದಲ್ಲಿ ಅದು ಬರೀ ಬೇಜಾರು. ಇಲ್ಲಿ ನಡೆಯಲು ಶುರು ಮಾಡಿದ ಐದು ನಿಮಿಷಕ್ಕೆ ನಡುಕ ಹತ್ತುತ್ತದೆ.

ನಾನಿರೋ ಕಡೆ ಹಿಮಾನೇ ಬೀಳಲ್ಲ. ತಯಾರಿ ಹೇಗೆ ಮಾಡೋದು?

ಮರಳು ಸಿಕ್ಕರೆ ಮರಳಲ್ಲಿ ಓಡಿ. ಕಾಲಿಟ್ಟ ಜಾಗ ಕುಸಿಯುವುದು, ಮೀನಖಂಡ ಬೇಗ ದಣಿಯುವುದು, ಎಲ್ಲ ಪುಡಿ ಹಿಮದ ಹಾಗೇ. ಮರಳಿಲ್ಲವಾದರೆ ಹುಲ್ಲು, ಕೆಸರು, ಏರುಪೇರು ಇರುವ ಮಣ್ಣಿನ ದಾರಿ ಆಗುತ್ತದೆ. ದಿನಾ ಹಲ್ಲುಜ್ಜುವಾಗ ಒಂದು ಕಾಲಿನ ಮೇಲೆ ನಿಲ್ಲಿ, ಅಭ್ಯಾಸವಾದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ನಗು ಬರುತ್ತದೆ, ಆದರೆ ಜಾರಿದಾಗ ನಿಮ್ಮನ್ನು ಹಿಡಿದು ನಿಲ್ಲಿಸುವುದು ಪಾದದ ಗಂಟು ಮತ್ತು ಸೊಂಟದ ಸುತ್ತಲಿನ ಆ ಸಣ್ಣ ಸ್ನಾಯುಗಳೇ.

ಚಳಿಯನ್ನು ಮಾತ್ರ ಮನೆಯಲ್ಲಿ ಕೂತು ಕಲಿಯಲು ಆಗುವುದಿಲ್ಲ. ಮೂರ್ನಾಲ್ಕು ದಿನ ಮುಂಚೆ ಹೋಗಿ. ರೇಸಿಗೆ ಹಾಕುವ ಬಟ್ಟೆ, ಅದೇ ಶೂ, ಅದೇ ಕೈಗವಸು ಹಾಕಿಕೊಂಡು ಎರಡು ಸಲವಾದರೂ ನಲವತ್ತು ನಿಮಿಷ ಓಡಿ ನೋಡಿ. ಎಲ್ಲಿ ಗಾಳಿ ನುಗ್ಗುತ್ತದೆ, ಯಾವ ಜಿಪ್ಪು ಕುತ್ತಿಗೆ ಉಜ್ಜುತ್ತದೆ ಅಂತ ಆಗ ಗೊತ್ತಾಗುತ್ತದೆ.

## ಬಟ್ಟೆ, ಶೂ ಇತ್ಯಾದಿ

ಎಷ್ಟು ಪದರ ಬಟ್ಟೆ ಹಾಕ್ಲಿ? ಇರೋದನ್ನೆಲ್ಲಾ ಹಾಕ್ಕೊಂಡ್ ಬಿಡ್ಲಾ?

ಎಲ್ಲರೂ ಮಾಡುವ ತಪ್ಪು ಇದೇ, ನಾನೂ ಮಾಡಿದ್ದೇನೆ. ಮೊದಲ ಸಲ ಮೈನಸ್ 7ರಲ್ಲಿ ಎರಡು ಥರ್ಮಲ್, ಅದರ ಮೇಲೆ ಫ್ಲೀಸ್, ಅದರ ಮೇಲೊಂದು ದಪ್ಪ ಜಾಕೆಟ್ ಹಾಕಿಕೊಂಡು ನಿಂತಿದ್ದೆ. ಸ್ಟಾರ್ಟ್ ಲೈನಿನಲ್ಲಿ ಹಾಯಾಗಿತ್ತು. ನಾಲ್ಕನೇ ಕಿ.ಮೀ.ಗೆ ಬೆನ್ನಲ್ಲಿ ಬೆವರು ಇಳಿಯಿತು, ಎಂಟಕ್ಕೆ ಒಳಗಿನ ಬನಿಯನ್ ಹಿಂಡುವ ಹಾಗಾಯಿತು, ಹನ್ನೊಂದರಲ್ಲಿ ಒಂದು ಸೇತುವೆ ಬಂತು. ಸೇತುವೆ ಮೇಲೆ ಗಾಳಿ. ಅಷ್ಟೂ ಬೆವರು ಒಂದೇ ಸಲಕ್ಕೆ ತಣ್ಣೀರಾಯಿತು. ಅಲ್ಲಿಂದ ಮುಂದಿನ ಹತ್ತು ಕಿ.ಮೀ. ಹಲ್ಲು ಕಟಕಟ ಅನ್ನುತ್ತಲೇ ಓಡಿದೆ, ಮೈಮೇಲೆ ನಾಲ್ಕು ಪದರ ಬಟ್ಟೆ ಇದ್ದೂ.

ಓಡುವಾಗ ನಿಮ್ಮ ಮೈ ಒಂದು ಒಲೆ. ಪ್ರತಿ ಕಿಲೋಮೀಟರಿಗೆ ಮೈತೂಕದ ಕಿಲೋಗೆ ಸುಮಾರು 1 ಕಿಲೋಕ್ಯಾಲರಿ ಉರಿಯುತ್ತದೆ, ಅಂದರೆ 65 ಕಿಲೋ ಇರುವವರಿಗೆ ಹಾಫ್ ಮುಗಿಯುವಷ್ಟರಲ್ಲಿ 1,350ರ ಮೇಲೆ, ಅದರಲ್ಲಿ ಬಹುಪಾಲು ಬರೀ ಶಾಖ. ಹಾಗಾಗಿ ಹೊರಗೆ ಎಷ್ಟು ಡಿಗ್ರಿ ಇದೆಯೋ ಅದಕ್ಕಿಂತ 10 ಡಿಗ್ರಿ ಜಾಸ್ತಿ ಇದೆ ಅಂದುಕೊಂಡು ಬಟ್ಟೆ ಹಾಕಿ. ಮೊದಲ ಹತ್ತು ನಿಮಿಷ ಚಳಿ ಆಗಬೇಕು. ಆಗದಿದ್ದರೆ ಬಟ್ಟೆ ಜಾಸ್ತಿಯಾಗಿದೆ.

ಮೈಗೆ ತಾಗುವ ಪದರ ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆಯದ್ದಾಗಿರಲಿ. ಹತ್ತಿ ಬೇಡವೇ ಬೇಡ, ಅದು ಬೆವರು ಕುಡಿದು ಹಾಗೇ ಕೂತುಬಿಡುತ್ತದೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆದುಕೊಳ್ಳುತ್ತದೆ. ಮೇಲೆ ಗಾಳಿ ತಡೆಯುವ ತೆಳು ಜಾಕೆಟ್, ಎದುರು ಜಿಪ್ ಇರುವಂಥದ್ದು. ಮೈನಸ್ 10ರ ಕೆಳಗೆ ಹೋದರೆ ಮಾತ್ರ ಇವೆರಡರ ನಡುವೆ ತೆಳುವಾದ ಫ್ಲೀಸ್. ಕಾಲಿಗೆ ಒಂದು ದಪ್ಪ ಟೈಟ್ಸ್ ಸಾಕು. ಓಡುತ್ತಾ ಜಿಪ್ಪಿನ ಜೊತೆ ಆಟ ಆಡುತ್ತಿರಿ: ಸೆಕೆ ಅನ್ನಿಸುವ ಮುಂಚೆಯೇ ಎದೆ ತನಕ ಇಳಿಸಿ, ಗಾಳಿ ಎದುರಾಗುವ ಮುಂಚೆ ಏರಿಸಿ. ಬೆವರು ಬಂದ ಮೇಲೆ ಇಳಿಸಿದರೆ ತಡವಾಯಿತು.

ಕೈ ಬೆರಳು ಮರಗಟ್ಟಿ ಹೋಗುತ್ತೆ, ಏನ್ ಮಾಡಿದ್ರೂ ಆಗ್ತಿಲ್ಲ

ಐದು ಬೆರಳಿನ ಗ್ಲೌಸ್ ಬಿಟ್ಟು ಮಿಟನ್ ಹಾಕಿ ನೋಡಿ, ಅಂದರೆ ನಾಲ್ಕೂ ಬೆರಳು ಒಂದೇ ಚೀಲದೊಳಗೆ ಹೋಗುವಂಥದ್ದು. ಬೆರಳುಗಳು ಒಂದಕ್ಕೊಂದು ತಾಗಿಕೊಂಡು ಬಿಸಿ ಹಂಚಿಕೊಳ್ಳುತ್ತವೆ. ಒಳಗೊಂದು ತೆಳು ಗ್ಲೌಸ್ ಇದ್ದರೆ ಶಕ್ತಿಗೆ ತಿನ್ನುವ ಜೆಲ್ ಪೊಟ್ಟಣ ಹರಿಯುವಾಗ, ಲೇಸ್ ಕಟ್ಟುವಾಗ ಬರಿಗೈ ಹೊರಗೆ ತೆಗೆಯಬೇಕಿಲ್ಲ. ಮಣಿಕಟ್ಟಿನ ಹತ್ತಿರ ತೋಳಿಗೂ ಮಿಟನ್‌ಗೂ ನಡುವೆ ಸಂದಿ ಬಿಡಬೇಡಿ. ಬೆರಳು ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಬಿಸಿಯಾಗುವಾಗ ಕೆಂಪಾಗಿ ಸಿಕ್ಕಾಪಟ್ಟೆ ನೋಯುತ್ತದೆ ಅನ್ನುವವರು ರೇನಾಡ್ಸ್ (ಚಳಿಗೆ ಬೆರಳಿನ ರಕ್ತನಾಳ ಬಿಗಿಯಾಗುವ ತೊಂದರೆ) ಇದೆಯಾ ಅಂತ ಡಾಕ್ಟರ ಹತ್ತಿರ ಕೇಳಿ.

ಗಂಡಸರು ಬೇರೆ ಏನಾದ್ರೂ... ಅರ್ಥ ಆಯ್ತಲ್ವಾ?

ಆಯ್ತು ಬಿಡಿ. ಇದು ತಮಾಷೆಯ ವಿಷಯ ಅಲ್ಲ. ಪಾಲಿಯೆಸ್ಟರ್ ಪ್ಯಾಂಟು, ಒಳಗೆ ಹತ್ತಿ ಮಿಶ್ರಿತ ಚಡ್ಡಿ ಹಾಕಿಕೊಂಡು ಜಾಗಿಂಗ್ ಹೋದ 53 ವರ್ಷದ ವೈದ್ಯರೊಬ್ಬರಿಗೆ ಅಲ್ಲೇ ಫ್ರಾಸ್ಟ್‌ಬೈಟ್ ಶುರುವಾದ ಕಥೆ 1977ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲೇ ಅಚ್ಚಾಗಿತ್ತು. ಮುಂಭಾಗದಲ್ಲಿ ಗಾಳಿ ತಡೆಯುವ ಬಟ್ಟೆ ಇರುವ ಒಳಚಡ್ಡಿ ಸಿಗುತ್ತದೆ, ತಗೊಳ್ಳಿ. ಸಿಗದಿದ್ದರೆ ಟೈಟ್ಸ್ ಮೇಲೊಂದು ಗಾಳಿ ತಡೆಯುವ ಶಾರ್ಟ್ಸ್ ಹಾಕಿದರೂ ನಡೆಯುತ್ತದೆ.

ಮಾಮೂಲಿ ರನ್ನಿಂಗ್ ಶೂ ಸಾಕಾ, ಮೊಳೆ ಇರೋದೇ ಬೇಕಾ?

ರಸ್ತೆಯಲ್ಲಿ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ. ಗುಡಿಸಿ, ಹಿಮ ಕರಗಲು ಉಪ್ಪು ಹಾಕಿದ ರಸ್ತೆಯಾದರೆ ಮಾಮೂಲಿ ಶೂ ಸಾಕು. ಆದರೆ ಸಾದಾ ಉಪ್ಪು ಮೈನಸ್ 9, 10ರ ಕೆಳಗೆ ಹೆಚ್ಚೇನೂ ಕೆಲಸ ಮಾಡುವುದಿಲ್ಲ, ಹಾಗಾಗಿ "ಉಪ್ಪು ಹಾಕಿದ್ದಾರಂತೆ" ಅನ್ನುವ ಮಾತನ್ನು ತಾಪಮಾನ ನೋಡಿ ನಂಬಿ. ಹೊಸ ಹಿಮ ಅಥವಾ ತುಳಿದು ಗಟ್ಟಿಯಾದ ಹಿಮಕ್ಕೆ ಆಳವಾದ ಹಲ್ಲುಗಳಿರುವ ಟ್ರೈಲ್ ಶೂ (ಮಣ್ಣಿನ ದಾರಿಗೆ ಮಾಡಿದ್ದು) ಚೆನ್ನಾಗಿ ಕಚ್ಚುತ್ತದೆ. ಮಂಜುಗಡ್ಡೆಗೆ ಮಾತ್ರ ರಬ್ಬರ್ ಯಾವುದಾದರೂ ಅಷ್ಟೇ, ಲೋಹ ಬೇಕು: ಅಡಿಯಲ್ಲಿ ಗಟ್ಟಿ ಲೋಹದ ಸಣ್ಣ ಮೊಳೆಗಳಿರುವ ಶೂ, ಇಲ್ಲವೇ ಶೂ ಮೇಲೆ ಎಳೆದು ಹಾಕುವ ಮೈಕ್ರೋಸ್ಪೈಕ್. ಎಳೆದು ಹಾಕುವುದು ಅಭ್ಯಾಸಕ್ಕೆ ಸರಿ. ಅರ್ಧ ಡಾಂಬರು ಅರ್ಧ ಐಸು ಇರುವ ಹಾದಿಯಲ್ಲಿ ಅದನ್ನು ಹಾಕಿ 21 ಕಿ.ಮೀ. ಓಡಿದರೆ ಮಂಡಿ ಬೈಯುತ್ತದೆ.

ಇನ್ನೊಂದು, ಶೂ ಅನ್ನು ರಾತ್ರಿ ಕಾರಿನಲ್ಲಿ ಬಿಡಬೇಡಿ. ಚಳಿಗೆ ಒಳಗಿನ ಫೋಮ್ ಗಟ್ಟಿಯಾಗುತ್ತದೆ, ಬೆಳಗ್ಗೆ ಹಲಗೆ ಕಟ್ಟಿಕೊಂಡು ಓಡಿದ ಹಾಗಾಗುತ್ತದೆ.

ವಾಟರ್‌ಪ್ರೂಫ್ ಶೂ ತಗೊಂಡ್ರೆ ಕಾಲು ಒದ್ದೆ ಆಗಲ್ಲ ಅಲ್ವಾ?

ಒಣ ಪುಡಿ ಹಿಮಕ್ಕೆ ಒಳ್ಳೇದು. ಕರಗಿದ ಹಿಮದ ರಾಡಿಯಲ್ಲಿ ನೀರು ಮೇಲಿನಿಂದ, ಕಾಲುಚೀಲದ ಕಡೆಯಿಂದ ಒಳಗೆ ಬರುತ್ತದೆ, ಬಂದದ್ದು ಹೊರಗೆ ಹೋಗುವುದಿಲ್ಲ. ಅಂಥ ದಿನ ಮಾಮೂಲಿ ಶೂ, ಉಣ್ಣೆಯ ಉದ್ದ ಸಾಕ್ಸ್ ಸಾಕು. ಎರಡು ಸಾಕ್ಸ್ ತುರುಕಿ ಶೂ ಬಿಗಿ ಮಾಡಬೇಡಿ, ರಕ್ತ ಓಡದ ಕಾಲೇ ಮೊದಲು ತಣ್ಣಗಾಗುವುದು.

ಮುಖಕ್ಕೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದ್ರೆ ಸಾಕಲ್ವಾ?

ಚರ್ಮ ಒಡೆಯುವುದಕ್ಕೆ, ತೊಡೆ ಸಂದಿಯ ಉಜ್ಜುವಿಕೆಗೆ ಸಾಕು. ಫ್ರಾಸ್ಟ್‌ಬೈಟ್ ತಡೆಯುತ್ತದೆ ಅಂತ ನಂಬಿ ಮುಖ ತೆರೆದು ಓಡಬೇಡಿ. ಬಟ್ಟೆಯೇ ಬೇಕು. ಬಿಸಿಲಿದ್ದರೆ ಸನ್‌ಸ್ಕ್ರೀನ್, ಕಪ್ಪು ಕನ್ನಡಕ ಎರಡೂ ಬೇಕು. ಹೊಸ ಹಿಮ ಅಲ್ಟ್ರಾವಯೊಲೆಟ್ ಕಿರಣದಲ್ಲಿ 80 ಪರ್ಸೆಂಟ್ ತನಕ ವಾಪಸ್ ಎಸೆಯುತ್ತದೆ, ಅಂದರೆ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ. ಗದ್ದದ ಅಡಿ, ಮೂಗಿನ ಹೊಳ್ಳೆಯ ಹತ್ತಿರ ಸುಟ್ಟುಕೊಂಡವರನ್ನು ನೋಡಿದ್ದೇನೆ.

## ಓಟದ ದಿನ

ವಾರ್ಮ್ ಅಪ್ ಮಾಡಿ ಬಂದು ನಿಂತ್ರೆ ಮತ್ತೆ ತಣ್ಣಗಾಗ್ತೀನಿ. ಏನ್ ಉಪಯೋಗ?

ಹೌದು, ಅದಕ್ಕೇ ಒಳಗೇ ಮಾಡಿ. ಕಟ್ಟಡದ ಕಾರಿಡಾರ್, ಮೆಟ್ಟಿಲು, ಏನು ಸಿಕ್ಕಿದರೂ ಸರಿ. ಬೆವರು ಬರುವ ಮುಂಚೆ ನಿಲ್ಲಿಸಿ, ಕೊನೆ ಹತ್ತು ನಿಮಿಷಕ್ಕೆ ಹೊರಗೆ ಬನ್ನಿ. ಮೇಲೊಂದು ಬಿಸಾಡಬಹುದಾದ ಹಳೇ ಸ್ವೆಟರ್ ಇರಲಿ. ದೊಡ್ಡ ಕಸದ ಚೀಲಕ್ಕೆ ತಲೆ, ಕೈ ತೂರುವಷ್ಟು ತೂತು ಮಾಡಿ ಹಾಕಿಕೊಂಡರೂ ಗಾಳಿ ಚೆನ್ನಾಗಿ ತಡೆಯುತ್ತದೆ. ನೋಡಲು ಚಂದ ಇರಲ್ಲ, ಆದರೆ ಅಲ್ಲಿ ಚಂದ ಇರುವವರು ಯಾರೂ ಇರಲ್ಲ.

ನನ್ನ ಹಾಫ್ ಟೈಮ್ 1 ಗಂಟೆ 55 ನಿಮಿಷ. ಹಿಮದಲ್ಲಿ ಎಷ್ಟಾಗುತ್ತೆ?

ಗಟ್ಟಿಯಾಗಿ ತುಳಿದ ಹಿಮದಲ್ಲಿ ನನಗೆ ಕಿ.ಮೀ.ಗೆ 20ರಿಂದ 30 ಸೆಕೆಂಡ್ ಜಾಸ್ತಿ ಹಿಡಿಯುತ್ತದೆ. ಆ ಲೆಕ್ಕದಲ್ಲಿ ನಿಮ್ಮದು 2 ಗಂಟೆ 4 ನಿಮಿಷದ ಆಸುಪಾಸು. ಶೂ ಮುಳುಗುವಷ್ಟು ಪುಡಿ ಹಿಮ ಇದ್ದರೆ ಕಿ.ಮೀ.ಗೆ ಒಂದು ನಿಮಿಷವೂ ಹೋಗಬಹುದು, ಕಾಲಿಟ್ಟು ಹಿಂದಕ್ಕೆ ಒದ್ದ ಶಕ್ತಿಯಲ್ಲಿ ಅರ್ಧ ಹಿಮಕ್ಕೇ ಹೋಗುತ್ತದೆ. ವಾಚ್ ತೋರಿಸುವ ವೇಗ ಮರೆತುಬಿಡಿ, ಉಸಿರು ಕೇಳಿಸಿಕೊಂಡು ಓಡಿ. ಮಣಿಕಟ್ಟಿನ ವಾಚಿನ ಹೃದಯಬಡಿತವನ್ನೂ ಪೂರ್ತಿ ನಂಬಬೇಡಿ, ಚಳಿಗೆ ಚರ್ಮದಲ್ಲಿ ರಕ್ತ ಓಡಾಟ ಕಮ್ಮಿಯಾದಾಗ ಅದರ ಬೆಳಕಿನ ಸೆನ್ಸರ್ ತಪ್ಪು ಓದುತ್ತದೆ.

ಜಾರದ ಹಾಗೆ ಓಡೋದು ಹೇಗೆ?

ಹೆಜ್ಜೆ ಚಿಕ್ಕದು ಮಾಡಿ, ಬೇಗ ಬೇಗ ಹಾಕಿ, ಪಾದ ಮೈಯ ನೇರ ಕೆಳಗೇ ಬೀಳಲಿ. ಮುಂದಕ್ಕೆ ಚಾಚಿ ಹಿಮ್ಮಡಿ ಊರಿದಿರೋ, ಜಾರಿದಿರಿ ಅಂತಲೇ ಲೆಕ್ಕ. ಕೈ ಸ್ವಲ್ಪ ಅಗಲ ಇರಲಿ. ತಿರುವಿನಲ್ಲಿ ಒಳಕ್ಕೆ ವಾಲಬೇಡಿ, ಅಲ್ಲಿ ನಾಲ್ಕು ಸೆಕೆಂಡ್ ಹೋದರೆ ಹೋಗಲಿ.

ಆಮೇಲೆ ಕಿವಿ. ಹಿಮ ಮೈನಸ್ 10ರ ಕೆಳಗಿದ್ದರೆ ಕಾಲಡಿ ಕಿರ್ ಕಿರ್ ಅನ್ನುತ್ತದೆ, ಹೊಸ ಚಪ್ಪಲಿ ಸದ್ದು ಮಾಡುತ್ತದಲ್ಲ, ಹಾಗೆ. ಆ ಸದ್ದು ಬಂದರೆ ಹಿಡಿತ ಇದೆ ಅಂತ ಅರ್ಥ. ಸೊನ್ನೆಯ ಹತ್ತಿರ ಬಂದಾಗ ಸದ್ದು ನಿಂತು ಪಚಪಚ ಅನ್ನುತ್ತದೆ, ಅಲ್ಲಿ ಹುಷಾರು. ಸದ್ದೇ ಇಲ್ಲದಿದ್ದರೆ ನೀವು ಐಸ್ ಮೇಲಿದ್ದೀರಿ. ಕಣ್ಣಿಗೂ ಕೆಲಸ ಇದೆ: ಡಾಂಬರು ಒದ್ದೆಯಾದ ಹಾಗೆ ಕಪ್ಪಗೆ ಹೊಳೆಯುತ್ತಿದ್ದು, ಓಡುವವರ ಕಾಲಿಂದ ನೀರು ಸಿಡಿಯದಿದ್ದರೆ ಅದು ನೀರಲ್ಲ. ಟೈರ್ ಉಜ್ಜಿ ಹೊಳಪಾದ ಗೆರೆ ಬಿಟ್ಟು ಪಕ್ಕದ ಒರಟು ಹಿಮದಲ್ಲಿ ಓಡಿ. ಸೇತುವೆ ಮೇಲೆ ಕೆಳಗಿನಿಂದಲೂ ಗಾಳಿ ತಾಗುವುದರಿಂದ ಅಲ್ಲಿ ಬೇರೆಲ್ಲ ಕಡೆಗಿಂತ ಮೊದಲು ಐಸ್ ಕಟ್ಟುತ್ತದೆ.

ಚಳೀಲಿ ಬಾಯಾರಿಕೆನೇ ಆಗಲ್ಲ, ನೀರು ಕುಡೀಬೇಕಾ?

ಕುಡಿಯಬೇಕು. ಚಳಿಯಲ್ಲಿ ಬಾಯಾರಿಕೆ ಕಮ್ಮಿ ಗೊತ್ತಾಗುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ, ಬಾಯಿಂದ ಹೊರಡುವ ಆ ಬಿಳಿ ಹಬೆಯೆಲ್ಲ ನಿಮ್ಮದೇ ನೀರು. ಲೀಟರುಗಟ್ಟಲೆ ಬೇಡ, ಪ್ರತಿ ನೀರಿನ ಟೇಬಲ್ ಹತ್ತಿರ ನಾಲ್ಕು ಗುಟುಕು ಸಾಕು. ಲೋಟದಿಂದ ಚೆಲ್ಲಿದ ನೀರು ಐಸ್ ಆಗಿರುವುದರಿಂದ ಟೇಬಲ್ ಸುತ್ತಲಿನ ಜಾಗವೇ ಇಡೀ ಹಾದಿಯಲ್ಲಿ ಜಾಸ್ತಿ ಜಾರುವುದು. ಅಲ್ಲಿ ನಡೆಯಿರಿ.

ನಿಮ್ಮದೇ ಬಾಟಲಿ ಒಯ್ಯುವುದಾದರೆ ತಲೆಕೆಳಗು ಮಾಡಿ ಇಡಿ, ಐಸ್ ಮೇಲೆ ಕಟ್ಟುವುದರಿಂದ ಮುಚ್ಚಳದ ಕಡೆ ನೀರಾಗೇ ಇರುತ್ತದೆ. ಕೊಳವೆ ಇರುವ ಚೀಲವಾದರೆ ಪ್ರತಿ ಸಲ ಕುಡಿದ ಮೇಲೆ ಊದಿ ನೀರನ್ನು ವಾಪಸ್ ಕಳಿಸಿ. ನಾನು ಊದುವುದನ್ನು ಮರೆತು ಹದಿಮೂರನೇ ಕಿ.ಮೀ.ನಲ್ಲಿ ಐಸಿನ ಕಡ್ಡಿಯನ್ನು ಚೀಪುತ್ತಾ ಓಡಿದ್ದೇನೆ, ಹನಿ ನೀರು ಬರಲಿಲ್ಲ. ಜೆಲ್ ಕೂಡ ಗೋಂದಿನ ಹಾಗಾಗುತ್ತದೆ. ಮಿಟನ್ ಒಳಗೆ, ಅಂಗೈ ಹತ್ತಿರ ಇಟ್ಟುಕೊಂಡರೆ ತಿನ್ನುವ ಹೊತ್ತಿಗೆ ಮೆತ್ತಗಿರುತ್ತದೆ.

ಫೋನಲ್ಲಿ 60 ಪರ್ಸೆಂಟ್ ಇತ್ತು, ಸುಮ್ನೆ ಆಫ್ ಆಗಿ ಹೋಯ್ತು. ಹಾಳಾಯ್ತಾ?

ಇಲ್ಲ. ಚಳಿಗೆ ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಬೀಳುತ್ತದೆ, ಫೋನು ಖಾಲಿ ಅಂದುಕೊಂಡು ಮಲಗಿಬಿಡುತ್ತದೆ. ಬೆಚ್ಚಗಾದರೆ ಏಳುತ್ತದೆ. ತಣ್ಣಗಿರುವಾಗ ಚಾರ್ಜಿಗೆ ಹಾಕಬೇಡಿ. ಜಾಕೆಟ್ಟಿನ ಹೊರ ಜೇಬು ಬಿಟ್ಟು ಒಳ ಪದರದಲ್ಲಿ, ಮೈಗೆ ಹತ್ತಿರ ಇಡಿ.

## ಸ್ವಲ್ಪ ಗಂಭೀರವಾದವು

ಕೆನ್ನೆ ಮೇಲೆ ಬಿಳಿ ಮಚ್ಚೆ ಬಂತು. ಉಜ್ಜಿದ್ರೆ ಸರಿ ಹೋಗುತ್ತಾ?

ಉಜ್ಜಬೇಡಿ, ಹಿಮದಿಂದ ಉಜ್ಜುವುದಂತೂ ಬೇಡವೇ ಬೇಡ. ಚರ್ಮ ಬೆಳ್ಳಗಾಗಿ ಜೋಮು ಹಿಡಿದು, ಒತ್ತಿದರೆ ಇನ್ನೂ ಮೆತ್ತಗಿದ್ದರೆ ಅದು ಮೊದಲ ಹಂತ. ಬರಿ ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿಯಿರಿ. ಬಣ್ಣ ವಾಪಸ್ ಬಂದು ಚುರುಗುಟ್ಟಿದರೆ ಮುಚ್ಚಿಕೊಂಡು ಮುಂದುವರಿಯಬಹುದು. ಕೆಲವೇ ನಿಮಿಷದಲ್ಲಿ ಬಣ್ಣ ಬರದಿದ್ದರೆ, ಚರ್ಮ ಮೇಣದ ಹಾಗೆ ಗಟ್ಟಿಯಾಗಿದ್ದರೆ, ಮುಟ್ಟಿದ್ದು ಗೊತ್ತೇ ಆಗದಿದ್ದರೆ ಓಟ ಮುಗಿಯಿತು, ವೈದ್ಯರು ಬೇಕು.

ಬೆರಳು ಹೀಗಾಗಿದ್ದರೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಇಡುವುದು ಸರಿಯಾದ ಕ್ರಮ. ನೀರಿನ ಬಿಸಿಯನ್ನು ಬೇರೆಯವರು ನೋಡಬೇಕು, ಮರಗಟ್ಟಿದ ಬೆರಳಿಗೆ ಸುಡುವುದು ಗೊತ್ತಾಗುವುದಿಲ್ಲ. ಹೀಟರಿಗೆ, ಬೆಂಕಿಗೆ ಹಿಡಿಯಬಾರದು ಅನ್ನುವುದೂ ಇದಕ್ಕೇ. ಮತ್ತೆ ಚಳಿಗೆ ಹೋಗುವ ಸಾಧ್ಯತೆ ಇದ್ದರೆ ಆಗಲೇ ಕರಗಿಸಲು ಹೋಗಬೇಡಿ. ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಜಾಸ್ತಿ.

ಹೈಪೋಥರ್ಮಿಯಾ ಆಗ್ತಿದೆ ಅಂತ ನಮಗೇ ಗೊತ್ತಾಗುತ್ತಾ?

ಶುರುವಿನಲ್ಲಿ ಗೊತ್ತಾಗುತ್ತದೆ, ಆಮೇಲೆ ಇಲ್ಲ, ತೊಂದರೆ ಇರುವುದೇ ಅಲ್ಲಿ. ಮೈಯ ಒಳ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಮೊದಲು ಜೋರು ನಡುಕ. ಆಮೇಲೆ ಕೈ ತಡವರಿಸುತ್ತದೆ, ಕಾಲು ಎಡವುತ್ತದೆ, ಮಾತು ತೊದಲುತ್ತದೆ, ಏನು ಕೇಳಿದರೂ ಗೊಣಗುತ್ತಾರೆ. ತೀರ್ಮಾನ ಮಾಡುವ ತಲೆಯೇ ಮಂಕಾಗಿರುವುದರಿಂದ "ನಂಗೇನೂ ಆಗಿಲ್ಲ" ಅನ್ನುವವರ ಮಾತು ಕೇಳಬೇಡಿ. ನಡುಕ ತಾನಾಗೇ ನಿಂತಿತು ಅಂದರೆ ಗುಣವಾಯಿತು ಅಂತ ಅಲ್ಲ, ಇನ್ನೂ ಕೆಟ್ಟಿತು ಅಂತ. ಕೂಡಲೇ ಆಂಬುಲೆನ್ಸ್ ಕರೆಯಿರಿ, ಒದ್ದೆ ಬಟ್ಟೆ ತೆಗೆದು ಒಣಗಿದ್ದು ಸುತ್ತಿ, ಎದೆ ಹೊಟ್ಟೆಯ ಭಾಗ ಮೊದಲು ಬೆಚ್ಚಗೆ ಮಾಡಿ.

ಹಾಫ್‌ನಲ್ಲಿ ಇದು ಸಾಮಾನ್ಯವಾಗಿ ಶುರುವಾಗುವುದು ಸೋತು ನಡೆಯಲು ಶುರು ಮಾಡಿದವರಿಗೆ. ಒಲೆ ಆರಿರುತ್ತದೆ, ಬಟ್ಟೆ ಒದ್ದೆ ಇರುತ್ತದೆ. ಕಾಲು ಉಳುಕಿದರೆ ಮುಂದಿನ ನೀರಿನ ಟೇಬಲ್‌ವರೆಗೂ ಕುಂಟಿಕೊಂಡು ಹೋಗಿ ಅಲ್ಲೇ ಬಿಟ್ಟುಬಿಡಿ, ಇನ್ನಾರು ಕಿ.ಮೀ. ಎಳೆಯಬೇಡಿ.

ಗೆರೆ ದಾಟಿದ ಮೇಲೆ ಮೊದಲು ಏನ್ ಮಾಡ್ಬೇಕು?

ಬಟ್ಟೆ ಬದಲಿಸಬೇಕು. ಫೋಟೋ ಆಮೇಲೆ, ಮೆಡಲ್ ಆಮೇಲೆ. ಹತ್ತು ನಿಮಿಷದೊಳಗೆ ಒಳ ಪದರ, ಸಾಕ್ಸ್, ಟೋಪಿ ಒಣಗಿದ್ದು ಮೈಮೇಲಿರಲಿ. ಚೀಲ ಜೋಡಿಸುವಾಗ ಒಂದು ವಿಷಯ ಯೋಚಿಸಿ: ಆಗ ನಿಮ್ಮ ಬೆರಳು ಕೆಲಸ ಮಾಡುತ್ತಿರುವುದಿಲ್ಲ. ಗುಂಡಿ ಇರುವ ಅಂಗಿ ಬೇಡ, ತಲೆಯಿಂದ ಎಳೆದು ಹಾಕುವಂಥದ್ದು ಇಡಿ. ಲೇಸಿನ ಗಂಟು ಐಸ್ ಕಟ್ಟಿ ಕಲ್ಲಾಗಿರುತ್ತದೆ. ಒಮ್ಮೆ ನಾನು ಕಾಲು ಗಂಟೆ ಹೆಣಗಾಡಿ, ಕೊನೆಗೆ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹಿರಿಯರೊಬ್ಬರು ತಮ್ಮ ಥರ್ಮಾಸಿನ ಬಿಸಿನೀರು ಹನಿಸಿ ಬಿಚ್ಚಿಕೊಟ್ಟರು. ಆವತ್ತಿನಿಂದ ಎಳೆದರೆ ಬಿಗಿಯಾಗುವ, ಒತ್ತಿದರೆ ಸಡಿಲವಾಗುವ ಲೇಸ್ ಹಾಕುತ್ತಿದ್ದೇನೆ.

ಅಭ್ಯಾಸಕ್ಕೆ ಹೋಗುವಾಗ ಗಾಳಿಗೆ ಎದುರು ಮೊದಲು ಓಡಬೇಕಾ, ಆಮೇಲೆ ಓಡಬೇಕಾ?

ಮೊದಲು. ಮೈ ಒಣಗಿರುವಾಗ ಎದುರು ಗಾಳಿ ತಡೆದುಕೊಳ್ಳಬಹುದು, ಬರುವಾಗ ಬೆನ್ನಿಗೆ ಗಾಳಿ ಇದ್ದರೆ ಬೆವರಿದ್ದರೂ ನಡೆಯುತ್ತದೆ. ಉಲ್ಟಾ ಮಾಡಿದರೆ ಮನೆಯಿಂದ ಅತಿ ದೂರದ ಜಾಗದಲ್ಲಿ, ಒದ್ದೆ ಬಟ್ಟೆಯಲ್ಲಿ, ಗಾಳಿಗೆ ಮುಖ ಕೊಡಬೇಕಾಗುತ್ತದೆ. ಉದ್ದ ಓಟವಿದ್ದರೆ ನಾನು 5 ಕಿ.ಮೀ. ಸುತ್ತನ್ನೇ ನಾಲ್ಕು ಸಲ ಹಾಕುತ್ತೇನೆ, ಬೇಜಾರಾದರೂ ಬಾಗಿಲು ಹತ್ತಿರ ಇರುತ್ತದೆ.

ಇದೆಲ್ಲ ಮಾಡಾಯ್ತು. ಇನ್ನೂ ಚಳಿ ಇರೋ ಕಡೆ ಓಡಬೇಕು, ಎಲ್ಲಿದೆ?

ನಾರ್ವೆಯ ಟ್ರೋಮ್ಸೊದಲ್ಲಿ ಜನವರಿಯಲ್ಲಿ ಪೋಲಾರ್ ನೈಟ್ ಹಾಫ್ ಮ್ಯಾರಥಾನ್ ನಡೆಯುತ್ತದೆ. ನವೆಂಬರ್ ಕೊನೆಯಿಂದ ಜನವರಿ ನಡುವಿನ ತನಕ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಆದರೆ ಸಮುದ್ರ ಪಕ್ಕದಲ್ಲೇ ಇರುವುದರಿಂದ ಹೆಸರು ಹೆದರಿಸಿದಷ್ಟು ಚಳಿ ಇರುವುದಿಲ್ಲ, ಮೊದಲ ಸಲಕ್ಕೆ ಅದೇ ಒಳ್ಳೆಯದು. ರಷ್ಯಾದ ಓಮ್ಸ್ಕ್‌ನಲ್ಲಿ ಅಲ್ಲಿನ ಕ್ರಿಸ್‌ಮಸ್ ದಿನ, ಜನವರಿ 7ರಂದು, ಸೈಬೀರಿಯನ್ ಐಸ್ ಹಾಫ್ ಮ್ಯಾರಥಾನ್ ಓಡುತ್ತಾರೆ, ಅದು ಹೆಸರಿಗೆ ತಕ್ಕ ಹಾಗೇ ಇರುತ್ತದೆ. ಗ್ರೀನ್‌ಲ್ಯಾಂಡಿನ ಪೋಲಾರ್ ಸರ್ಕಲ್ ಓಟದ ಸ್ವಲ್ಪ ಭಾಗ ಹಿಮದ ಹಾಸಿನ ಮೇಲೇ ಹೋಗುತ್ತದೆ. ಹೆಪ್ಪುಗಟ್ಟಿದ ಬೈಕಲ್ ಸರೋವರದ ಮೇಲೆ ಮಾರ್ಚ್‌ನಲ್ಲಿ ಓಟ ಇದೆ. ಲಡಾಖ್‌ನ ಪ್ಯಾಂಗಾಂಗ್ ಸರೋವರದ ಮೇಲೆ 2023ರ ಫೆಬ್ರವರಿ 20ರಂದು ಲುಕುಂಗ್‌ನಿಂದ ಮಾನ್ ಹಳ್ಳಿಯ ತನಕ 21 ಕಿ.ಮೀ. ಓಡಿದರು, ಅಷ್ಟು ಎತ್ತರದ ಹೆಪ್ಪುಗಟ್ಟಿದ ಸರೋವರದ ಮೇಲಿನ ಓಟ ಅಂತ ಅದು ಗಿನ್ನೆಸ್ ದಾಖಲೆಯಾಯಿತು. ಅದು 4,200 ಮೀಟರಿಗೂ ಎತ್ತರ, ಅಲ್ಲಿ ಚಳಿಗಿಂತ ಮೊದಲು ಉಸಿರು ಕಾಡುತ್ತದೆ, ಹಾಗಾಗಿ ಮೇಲೆ ಹೇಳಿದ ಮೂರ್ನಾಲ್ಕು ದಿನ ಅಲ್ಲಿಗೆ ಸಾಲುವುದಿಲ್ಲ. ಎತ್ತರಕ್ಕೆ ಒಗ್ಗಿಕೊಳ್ಳಲು ಒಂದು ವಾರವಾದರೂ ಇಟ್ಟುಕೊಂಡು ಟಿಕೆಟ್ ಮಾಡಿಸಿ.